ಕಾಗುಣಿತದಿಂದ ಮುಂದೆ

ಸೋಮವತಿ ಅಮಾವಾಸ್ಯೆಯ ದಿನ ಜೇಜುರಿಗೆ ಬಂದವರಿಗೆ ಗೊತ್ತು, ಎಳ್ಳು ಹಾಕಿದರೂ ನೆಲಕ್ಕೆ ಬೀಳದಷ್ಟು ಜನ. ಅಂದು ಖಂಡೋಬನ ಪಾಲಕಿ ಗಡದಿಂದ ಇಳಿದು ಕರ್‍ಹಾ ನದಿಗೆ ಸ್ನಾನಕ್ಕೆ ಹೋಗುತ್ತದೆ. ಊರೆಲ್ಲ ಭಂಡಾರದ ಹಳದಿ. ರಸ್ತೆ, ಅಂಗಡಿಯ ಮಾಡು, ನಾಯಿಯ ಬೆನ್ನು, ಒಣಹಾಕಿದ ನಮ್ಮ ಬಟ್ಟೆ, ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ನಮ್ಮ ಓಣಿಯ ಬಾಯಿಗೆ ಕ್ರೂಸರ್ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ನಾನು ನಂಬರ್ ಪ್ಲೇಟು ನೋಡಿಕೊಂಡೇ ಮನೆಗೆ ಬರುವವನು: ಕೆಎ 28 ಅಂದರೆ ವಿಜಯಪುರ, ಕೆಎ 23 ಚಿಕ್ಕೋಡಿ, ಕೆಎ 27 ಹಾವೇರಿ. ಹದಿನಾಲ್ಕು ವರ್ಷದಿಂದ ಇಲ್ಲಿನ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದೇನೆ. ತವರಿನ ಗಾಡಿ ಕಂಡರೆ ಕಾಲು ತಾನಾಗಿಯೇ ನಿಧಾನವಾಗುತ್ತದೆ.

ಕಳೆದ ಬಾರಿ ನಾನು ಮೊದಲ ಪಾಳಿ ಮುಗಿಸಿ ಬರುವಷ್ಟರಲ್ಲಿ ನಮ್ಮ ಕಟ್ಟೆಯ ಮೇಲೆ ಒಬ್ಬ ಅಜ್ಜ ಕೂತಿದ್ದ. ರಾಣೆಬೆನ್ನೂರಿನ ಕಡೆಯವನು. ನೀರು ಕೇಳಲು ಬಂದಿದ್ದನಂತೆ. ನನ್ನ ಮಗಳು ಕನ್ನಡದಲ್ಲಿ ಉತ್ತರ ಕೊಟ್ಟಿದ್ದಕ್ಕೆ ಹಿಗ್ಗಿ ಅಲ್ಲೇ ಕೂತುಬಿಟ್ಟಿದ್ದ. ಮಗಳು ಒಂಬತ್ತನೆಯ ತರಗತಿ. ಅವಳ ಕೈಯಲ್ಲಿ ಒಂದು ಕಾಗದವಿತ್ತು, ಮುಖ ಸಪ್ಪಗಾಗಿತ್ತು.

ಆದದ್ದು ಇಷ್ಟು. ಅಜ್ಜ ಊರು ಬಿಡುವ ದಿನ ಮನೆಗೆ ಒಂದು ಸರಕಾರಿ ನೋಟಿಸು ಬಂದಿತ್ತು. ಓದಿ ಹೇಳುವ ಮೊಮ್ಮಗ ಊರಲ್ಲಿರಲಿಲ್ಲ. ಹಡಪ್ಸರದಲ್ಲಿ ಕಟ್ಟಡದ ಕೆಲಸಕ್ಕಿರುವ ಅಳಿಯನಿಗೆ ತೋರಿಸೋಣವೆಂದು ಚೀಲಕ್ಕೆ ಹಾಕಿಕೊಂಡು ಬಂದರೆ ಅಳಿಯನೂ ಸೈಟಿನಿಂದ ಬಂದಿರಲಿಲ್ಲ. ಈಗ ಕನ್ನಡ ಬಲ್ಲ ಹುಡುಗಿ ಸಿಕ್ಕಳು. "ಯವ್ವಾ, ಇದನ್ನೊಂದಿಷ್ಟು ಓದಿ ಹೇಳ ನೋಡೂನು" ಅಂದಿದ್ದಾನೆ.

ಮಗಳು ಓದಿದಳು. ಒಂದಕ್ಷರ ತಪ್ಪಿಲ್ಲದೆ ಓದಿದಳು ಎಂದು ಅಜ್ಜನೇ ಹೇಳಿದ. ಆದರೆ ಓದಿದ ಮೇಲೆ "ಏನಂತ ಬರದಾರ?" ಅಂದರೆ ಅವಳಿಗೆ ಹೇಳಲು ಬರಲಿಲ್ಲ. ತಕರಾರು ಗೊತ್ತಾಯಿತು, ವಾರಸುದಾರ ಗೊತ್ತಾಯಿತು, ಹಾಜರು ಗೊತ್ತಾಯಿತು. ಯಾಕೆಂದರೆ ಅವೆಲ್ಲ ಮರಾಠಿಯಲ್ಲೂ ಇವೆ! ಪೌತಿ, ಸ್ವತ್ತು, ಗಡುವು, ಮೇಲ್ಕಂಡ, ಪರಿಗಣಿಸಲಾಗುವುದು ಇವು ಯಾವುವೂ ಅವಳಿಗೆ ಎಟಕಲಿಲ್ಲ. ಕನ್ನಡದ ಕಾಗದದಲ್ಲಿ ನನ್ನ ಮಗಳಿಗೆ ತಿಳಿದದ್ದು ಮರಾಠಿ ಮಾತ್ರ.

ನಾನು ತೆಗೆದುಕೊಂಡು ಓದಿದೆ. ಅಜ್ಜನ ಅಣ್ಣ ತೀರಿಕೊಂಡಿದ್ದರು. ಹೊಲವನ್ನು ಅಣ್ಣನ ಮಕ್ಕಳ ಹೆಸರಿಗೆ ಪೌತಿ ಖಾತೆ ಮಾಡಲು ಅರ್ಜಿ ಬಿದ್ದಿತ್ತು. ತಕರಾರಿದ್ದವರು ಶುಕ್ರವಾರದೊಳಗೆ ಲಿಖಿತವಾಗಿ ಕೊಡಬೇಕು, ಇಲ್ಲವಾದರೆ ಇಲ್ಲವೆಂದೇ ಪರಿಗಣಿಸಲಾಗುವುದು. ಹೊಲ ಇನ್ನೂ ಪಾಲಾಗಿರಲಿಲ್ಲ, ಅಜ್ಜನ ಹಿಸ್ಸೆಯೂ ಅದರಲ್ಲೇ ಇತ್ತು. ಅಂದು ಸೋಮವಾರ. ಅಜ್ಜನ ಗಾಡಿ ಇಲ್ಲಿಂದ ಪಂಢರಪುರ, ತುಳಜಾಪುರ ಮುಗಿಸಿ ಭಾನುವಾರ ಊರು ಸೇರುವುದಿತ್ತು.

ಅಜ್ಜ ಒಂದು ಗಳಿಗೆ ಸುಮ್ಮನಿದ್ದು, "ವಿಠ್ಠಲ ಎಲ್ಲೂ ಓಡಿಹೋಗೂದಿಲ್ಲ ಬಿಡ್ರಿ, ಹೊಲ ಓಡತೈತಿ" ಅಂದ. ಆ ರಾತ್ರಿಯೇ ಪುಣೆಗೆ ಹೋಗಿ ಬಸ್ಸು ಹತ್ತಿದ.

ಊಟದ ಹೊತ್ತಿಗೆ ಮಗಳು ಕೇಳಿದಳು, "ಅಪ್ಪಾ, ನಾನು ಎಲ್ಲಾ ಅಕ್ಷರ ಬರೋಬ್ಬರಿ ಓದಿದೆ. ಆದ್ರ ನನಗ್ಯಾಕ ತಿಳೀಲಿಲ್ಲ?"

ಈ ತಿಂಗಳ ಅಂಕಣ ಅವಳ ಆ ಪ್ರಶ್ನೆಗೆ. ಉತ್ತರದ ಮೊದಲ ಪಾಲು ನನ್ನದೇ ತಪ್ಪಿನ ಲೆಕ್ಕ.

ಅವಳಿಗೆ ಅಕ್ಷರ ಕಲಿಸಿದವನು ನಾನೇ. ಅವಳಿಗಷ್ಟೇ ಅಲ್ಲ, ಆರು ವರ್ಷ ಭಾನುವಾರಕ್ಕೊಮ್ಮೆ ಪುಣೆಗೆ ಹೋಗಿ ನಮ್ಮವರ ಮಕ್ಕಳಿಗೆಲ್ಲ ಕಲಿಸಿದೆ. ಗೋಡೆಗೆ ಕಾಗುಣಿತದ ಪಟ, ನೆಲಕ್ಕೆ ಜಮಖಾನೆ, ಕೊನೆಗೆ ಒಂದೊಂದು ಬಿಸ್ಕತ್ತು. ಅ ಆ ಇ ಈ, ಒತ್ತಕ್ಷರ, ಹಣ್ಣುಗಳ ಹೆಸರು, ಬಣ್ಣಗಳ ಹೆಸರು, ರಾಜ್ಯೋತ್ಸವಕ್ಕೊಂದು ಸಮೂಹಗೀತೆ. ವರ್ಷದ ಕೊನೆಗೆ ಬಣ್ಣದ ಪ್ರಮಾಣಪತ್ರ. ತಂದೆತಾಯಿಗಳು ಫೋಟೋ ತೆಗೆದು ಊರಿಗೆ ಕಳಿಸುತ್ತಿದ್ದರು. ನಾವೂ ಕನ್ನಡ ಉಳಿಸಿದೆವೆಂದು ಬೀಗುತ್ತಿದ್ದೆವು.

ಏಳನೆಯ ತರಗತಿಗೆ ಬಂದ ಮಗು ಭಾನುವಾರ ಬರುವುದಿಲ್ಲ. ಟ್ಯೂಷನ್ ಶುರುವಾಗುತ್ತದೆ, ಸ್ಕಾಲರ್‌ಶಿಪ್ ಪರೀಕ್ಷೆ ಬರುತ್ತದೆ, ಮತ್ತು ನಿಜ ಹೇಳಬೇಕೆಂದರೆ ಹನ್ನೆರಡು ವರ್ಷದ ಹುಡುಗನಿಗೆ ಮಾವಿನಹಣ್ಣಿನ ಚಿತ್ರದ ಕೆಳಗೆ ಮಾವು ಎಂದು ಬರೆಯಲು ನಾಚಿಕೆ. ಅವನು ಅದೇ ಹೊತ್ತಿಗೆ ಮರಾಠಿಯಲ್ಲಿ ಪ್ರಬಂಧ ಬರೆಯುತ್ತಿರುತ್ತಾನೆ, ಇಂಗ್ಲಿಷಿನಲ್ಲಿ ವಿಜ್ಞಾನ ಓದುತ್ತಿರುತ್ತಾನೆ. ಕನ್ನಡ ಮಾತ್ರ ಅವನ ಬಾಯಲ್ಲಿ ಆರು ವರ್ಷದ ಕೂಸಾಗಿಯೇ ಉಳಿಯುತ್ತದೆ. ಅಡುಗೆಮನೆಯ ಕನ್ನಡ, ಅಜ್ಜಿಗೆ ಫೋನಿನಲ್ಲಿ ಹೇಳುವ "ಊಟ ಆಯ್ತೇನಜ್ಜಿ" ಕನ್ನಡ. ಆ ಕನ್ನಡ ಸಣ್ಣದೆಂದು ನಾನು ಹೇಳುತ್ತಿಲ್ಲ. ಆದರೆ ಹೊಲದ ನೋಟಿಸು ಆ ಕನ್ನಡದಲ್ಲಿ ಬರುವುದಿಲ್ಲ.

ಈ ಮಾತನ್ನು ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿರುವ ನನ್ನ ಹೆಂಡತಿಯ ಚಿಕ್ಕಪ್ಪನ ಮಗಳಿಗೆ ಫೋನಿನಲ್ಲಿ ಹೇಳಿದೆ. ಆಕೆ ನಕ್ಕು, "ಭಾವಾ, ಇದೇ ಹಾಡು ಇಲ್ಲಿ ಪೋರ್ಚುಗೀಸರದ್ದು" ಅಂದಳು. ಪೋರ್ಚುಗೀಸರು ಅಂದರೆ ನನಗೆ ಗೋವೆ ನೆನಪಾಗುತ್ತದೆ, ಬಹಳವಾದರೆ ನಮ್ಮ ಮಾತಿಗೆ ಅವರು ಬಿಟ್ಟುಹೋದ ಮೇಜು, ಚಾವಿ, ಬಟಾಟೆ, ಪಗಾರ. (ಪಗಾರ ಒಂದಕ್ಕಾದರೂ ನಾನವರಿಗೆ ಋಣಿ.) ಆಕೆ ಹೇಳಿದ್ದು ಬೇರೆಯವರ ಕಥೆ. ಅಟ್ಲಾಂಟಿಕ್ ನಡುವಿನ ಅಸೋರಿಸ್ ದ್ವೀಪಗಳಿಂದ ಫಾಲ್ ರಿವರ್, ನ್ಯೂ ಬೆಡ್‌ಫರ್ಡ್ ಎಂಬ ಊರುಗಳ ಬಟ್ಟೆ ಗಿರಣಿಗೆ, ಮೀನುಗಾರಿಕೆಗೆ ಹೋದ ಕೂಲಿಕಾರರ ಮಕ್ಕಳು, ಮೊಮ್ಮಕ್ಕಳು. ಸೊಲ್ಲಾಪುರದ ಗಿರಣಿಗೆ ಹೋದ ನಮ್ಮವರ ಹಾಗೆಯೇ. ಮನೆಯಲ್ಲಿ ಪೋರ್ಚುಗೀಸ್ ಇದೆ, ಇಗರ್ಜಿಯಲ್ಲಿದೆ, ಬೇಕರಿಯಲ್ಲಿದೆ. ಅಲ್ಲಿನ ಕೆಲವು ಹೈಸ್ಕೂಲುಗಳಲ್ಲಿ ಪಾಠವೂ ಇದೆ. ಆದರೆ ಅಮೆರಿಕದ ಹೈಸ್ಕೂಲಿನಲ್ಲಿ ಒಂದು ಭಾಷೆಗೆ ನಿಜವಾದ ಕಿಮ್ಮತ್ತು ಬರುವುದು ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ ಮೇಲ್ಮಟ್ಟದ ಪಾಠ, ಪರೀಕ್ಷೆಗಳಿಂದ. ಅದರಲ್ಲಿ ಒಳ್ಳೆಯ ಅಂಕ ಬಂದರೆ ಎಷ್ಟೋ ಕಾಲೇಜುಗಳು ಅದನ್ನು ತಮ್ಮ ಪಾಠದ ಲೆಕ್ಕಕ್ಕೆ ಹಿಡಿಯುತ್ತವೆ. ಸ್ಪ್ಯಾನಿಶ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನಿ, ಜಪಾನಿ, ಲ್ಯಾಟಿನ್ ಭಾಷೆಗಳಿಗೆ ಆ ಪರೀಕ್ಷೆ ಇದೆ. ಪೋರ್ಚುಗೀಸಿಗೆ ಇಲ್ಲ. ಜಗತ್ತಿನಲ್ಲಿ ಇಪ್ಪತ್ತು ಕೋಟಿಗೂ ಹೆಚ್ಚು ಜನ ಆಡುವ ಭಾಷೆಯ ಗತಿ ಇದು.

ಇಟಾಲಿಯನ್ನಿನ ಕಥೆ ಇನ್ನೂ ಸ್ವಾರಸ್ಯದ್ದು. 2005–06ರಲ್ಲಿ ಶುರುವಾದ ಇಟಾಲಿಯನ್ ಪಾಠವನ್ನು, ಬರೆಯುವ ಮಕ್ಕಳು ಕಡಿಮೆ, ಖರ್ಚು ಹೆಚ್ಚು ಎಂದು 2009ರಲ್ಲಿ ನಿಲ್ಲಿಸಿಬಿಟ್ಟರು. ಆಗ ಅಲ್ಲಿನ ಇಟಾಲಿಯನ್ ಮೂಲದವರು ಗೋಳಾಡಿ ಸುಮ್ಮನಾಗಲಿಲ್ಲ. ಇಟಲಿಯ ಸರಕಾರದ ಜೊತೆ ಸೇರಿ ಹಣ ಕೂಡಿಸಿದರು. 2011–12ಕ್ಕೆ ಪಾಠ ತಿರುಗಿ ಬಂತು. ಪೋರ್ಚುಗೀಸಿನವರಿಗೆ ಅಷ್ಟಾಗದಿದ್ದರೂ ಇನ್ನೊಂದು ಬಾಗಿಲು ಸಿಕ್ಕಿತು. ಅರೇಬಿಕ್, ಕೊರಿಯನ್, ರಷ್ಯನ್ ಜೊತೆಗೆ ಪೋರ್ಚುಗೀಸಿಗೂ ಹೈಸ್ಕೂಲು ಮಕ್ಕಳಿಗೆಂದೇ ಒಂದು ಬೇರೆ ರಾಷ್ಟ್ರೀಯ ಪರೀಕ್ಷೆ ನಡೆಯುತ್ತದೆ.

ಇಂಗ್ಲೆಂಡಿನಲ್ಲೂ ಹೀಗೇ ಆಯಿತು. 2015ರಲ್ಲಿ ಪರೀಕ್ಷಾ ಮಂಡಳಿಗಳು ಪೋರ್ಚುಗೀಸ್, ಪೋಲಿಶ್, ತುರ್ಕಿ, ಬಂಗಾಳಿ, ಪಂಜಾಬಿ, ಗುಜರಾತಿಯಂಥ ಭಾಷೆಗಳ ಮೇಲ್ತರಗತಿ ಪರೀಕ್ಷೆ ಕೈಬಿಡುತ್ತೇವೆಂದವು. ಆಯಾ ಸಮುದಾಯಗಳು ಸಹಿ ಸಂಗ್ರಹಿಸಿ, ಸಂಸದರ ಬೆನ್ನು ಹತ್ತಿ, ಮರುವರ್ಷ ಸರಕಾರದ ಬಾಯಿಂದ ಇವುಗಳಲ್ಲಿ ಬಹುಪಾಲು ಉಳಿಯುತ್ತವೆ ಎಂದು ಹೇಳಿಸಿದವು. ಬಂಗಾಳಿ, ಪಂಜಾಬಿ, ಗುಜರಾತಿ ಆ ಯಾದಿಯಲ್ಲಿದ್ದವು. ಕನ್ನಡ ಉಳಿಸುವ ಪ್ರಶ್ನೆಯೇ ಬರಲಿಲ್ಲ, ಯಾಕೆಂದರೆ ಮೊದಲೇ ಇರಲಿಲ್ಲ.

ಇದನ್ನೆಲ್ಲ ಕೇಳಿ ನಾನು ಮರುಗುತ್ತಾ ಕೂತೆ, ನಮಗೆ ಅಂಥ ಪರೀಕ್ಷೆಯೊಂದಿದ್ದರೆ ಎಂದು. ಆಮೇಲೆ ಒಂದು ರಜೆಯ ದಿನ ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲಿರುವ ಬಾಲಭಾರತಿಗೆ ಹೋದೆ. ಮಹಾರಾಷ್ಟ್ರದ ಶಾಲೆಗಳಿಗೆಲ್ಲ ಪಠ್ಯಪುಸ್ತಕ ಹುಟ್ಟುವ ಮನೆ ಅದು, 1967ರಲ್ಲಿ ಶುರುವಾದದ್ದು. ಮಗಳ ಭೂಗೋಳದ ಪುಸ್ತಕ ಬೇಕಾಗಿತ್ತು, ಅಷ್ಟೇ. ಅಲ್ಲಿ ಕಣ್ಣಿಗೆ ಬಿದ್ದದ್ದು ಕನ್ನಡ ಕುಮಾರಭಾರತಿ, ಒಂಬತ್ತು, ಹತ್ತನೆಯ ತರಗತಿಗೆ. ಕನ್ನಡ ಯುವಕಭಾರತಿ, ಹನ್ನೊಂದು, ಹನ್ನೆರಡಕ್ಕೆ. ಗದ್ಯ, ಪದ್ಯ, ವ್ಯಾಕರಣ, ಪತ್ರಲೇಖನ ಎಲ್ಲ ಉಂಟು. ಹದಿನಾಲ್ಕು ವರ್ಷ ನಾನು ಈ ಜಿಲ್ಲೆಯಲ್ಲಿದ್ದೇನೆ. ಆರು ವರ್ಷ ಕಾಗುಣಿತದ ಪಟವನ್ನು ಬೆಂಗಳೂರಿನಿಂದ ತರಿಸಿದ್ದೇನೆ. ಹೈಸ್ಕೂಲಿನ ಕನ್ನಡ ಪುಸ್ತಕ ನಾನು ಬಸ್ಸಿಳಿಯುವ ಜಾಗದಿಂದ ಎರಡು ಮೂರು ಮೈಲಿಯಲ್ಲಿ ಅಚ್ಚಾಗುವುದಕ್ಕೆ ಸಿದ್ಧವಾಗುತ್ತಿತ್ತು! ದುಡ್ಡು ಕೊಡಬೇಕೆಂದೂ ಇಲ್ಲ, ಬಾಲಭಾರತಿಯ ಜಾಲತಾಣದಲ್ಲಿ ಪುಸ್ತಕಗಳ ಪ್ರತಿ ಉಚಿತವಾಗಿ ಸಿಗುತ್ತವೆ.

ನಮ್ಮ ಮಕ್ಕಳಲ್ಲಿ ಬಹಳ ಮಂದಿ ಸಿಬಿಎಸ್‌ಇ ಶಾಲೆಯಲ್ಲಿದ್ದಾರೆ, ಅದಕ್ಕೇನು ಎಂದು ಕೇಳಬೇಡಿ. ಸಿಬಿಎಸ್‌ಇ ವಿಷಯಗಳ ಯಾದಿಯಲ್ಲಿ ಹತ್ತನೆಯ ತರಗತಿಗೆ ಕನ್ನಡ ಇದೆ, ಸಂಕೇತ ಸಂಖ್ಯೆ 015. ಹನ್ನೆರಡನೆಯ ತರಗತಿಗೂ ಇದೆ, 115. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿ ಮಟ್ಟದ ಭಾಷೆಗಳಲ್ಲೂ ಇದೆ. ಅಂದರೆ ನಮ್ಮದು ಫಾಲ್ ರಿವರಿನವರ ಕಥೆಯನ್ನು ತಲೆಕೆಳಗು ಮಾಡಿದಂತೆ. ಅವರಿಗೆ ಪಾಠವಿದೆ, ಮೇಲಿನ ಪರೀಕ್ಷೆಗಾಗಿ ಬಾಗಿಲು ಬಡಿಯುತ್ತಿದ್ದಾರೆ. ನಮಗೆ ಪರೀಕ್ಷೆ ಇದೆ, ಪುಸ್ತಕ ಇದೆ, ಬಾಗಿಲು ತೆರೆದೇ ಇದೆ. ಒಳಗೆ ಹೋಗುವವರಿಲ್ಲ, ಕಲಿಸುವವರಿಲ್ಲ.

ಇಲ್ಲವೇ ಇಲ್ಲ ಎಂದರೆ ತಪ್ಪಾದೀತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಈ ಪುಸ್ತಕಗಳು ಬದುಕಿರುವುದೇ ಆ ಮಕ್ಕಳಿಂದ. ಪುಣೆಯಲ್ಲಿ ಕನ್ನಡ ಸಂಘದ ಶಿಕ್ಷಣ ಸಂಸ್ಥೆಗಳಿವೆ, ಮುಂಬಯಿಯ ವಡಾಲದಲ್ಲಿ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿ ಇದೆ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವೇ ಇದೆ. ಹಿಂದಿನದನ್ನು ನೆನೆದರೆ ಇನ್ನೂ ಆಶ್ಚರ್ಯ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ರಂ.ಶ್ರೀ. ಮುಗಳಿಯವರು ಸಾಂಗಲಿಯ ವಿಲ್ಲಿಂಗ್ಡನ್ ಕಾಲೇಜಿನಲ್ಲಿ ಕಲಿಸಿದರು. ಎರಡೂ ಊರು ಇಂದು ಮಹಾರಾಷ್ಟ್ರದಲ್ಲಿವೆ. ಮತ್ತು ಮುಂಬಯಿಯ ರಾತ್ರಿ ಶಾಲೆಗಳು! ನನ್ನ ಪಾಲಿಗೆ ಹೊರನಾಡ ಕನ್ನಡಿಗರು ಮಾಡಿದ ಕೆಲಸಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಉಡುಪಿ ಕಡೆಯಿಂದ ಓಡಿಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ಸಂಜೆ ಕೈ ಒರೆಸಿಕೊಂಡು ಮೊಗವೀರ ಮಂಡಳಿಯ ಶಾಲೆಯಂಥ ರಾತ್ರಿ ಹೈಸ್ಕೂಲುಗಳಿಗೆ ಹೋಗಿ ಕನ್ನಡದಲ್ಲೇ ಎಸ್ಸೆಸ್ಸಿ ಪಾಸಾದರು. ಆಮೇಲೆ ಬ್ಯಾಂಕು ಸೇರಿದವರೆಷ್ಟು, ವಕೀಲರಾದವರೆಷ್ಟು. ಆ ಹಿರಿಯರು ಮಕ್ಕಳಿಗೆ ಅ ಆ ಕಲಿಸಿ ಪ್ರಮಾಣಪತ್ರ ಕೊಟ್ಟು ಕಳಿಸಲಿಲ್ಲ. ಹೈಸ್ಕೂಲೇ ಕಟ್ಟಿದರು. ನಾವು ಅವರಿಗಿಂತ ಹತ್ತು ಪಟ್ಟು ಉಳ್ಳವರಾಗಿ ಕಾಗುಣಿತಕ್ಕೆ ಇಳಿದೆವು.

ಸರಿ, ಮಾತು ಸಾಕು ಎಂದು ಮಗಳ ಶಾಲೆಯ ಮುಖ್ಯೋಪಾಧ್ಯಾಯಿನಿಯ ಬಳಿ ಹೋದೆ. ಮರಾಠಿ ಬಾಯಿ, ನೇರ ಮಾತು. ಕೇಳಿ ನಗಲಿಲ್ಲ, ಸಿಟ್ಟೂ ಆಗಲಿಲ್ಲ. "ಇಪ್ಪತ್ತು ಮಕ್ಕಳನ್ನು ತನ್ನಿ, ಬಿ.ಎಡ್. ಆದ ಶಿಕ್ಷಕರನ್ನು ತನ್ನಿ, ಮುಂದಿನ ಕಾಗದಪತ್ರ ನಾನು ಬರೆಯುತ್ತೇನೆ" ಎಂದರು. ಇಪ್ಪತ್ತು ಎಂಬ ಸಂಖ್ಯೆ ಎಲ್ಲಿಂದ ಬಂತು ಗೊತ್ತೇ? 2025ರ ಜೂನ್‌ನಲ್ಲಿ ಒಂದನೆಯ ತರಗತಿಯಿಂದ ಮೂರನೆಯ ಭಾಷೆಯಾಗಿ ಹಿಂದಿ ಎಂದು ಮಹಾರಾಷ್ಟ್ರ ಸರಕಾರ ಆದೇಶ ಹೊರಡಿಸಿತ್ತಲ್ಲ, ಅದರಲ್ಲಿ ಒಂದು ಸಾಲಿತ್ತು: ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಬೇರೆ ಭಾರತೀಯ ಭಾಷೆ ಕೇಳಿದರೆ ಶಿಕ್ಷಕರನ್ನು ಕೊಡಲಾಗುವುದು, ಇಲ್ಲವಾದರೆ ಆನ್‌ಲೈನಿನಲ್ಲಿ ಕಲಿಸಲಾಗುವುದು. ಗದ್ದಲವಾಗಿ ಆ ತಿಂಗಳ ಕೊನೆಗೇ ಆದೇಶ ಹಿಂದೆ ಹೋಯಿತು. ಮರಾಠಿಯವರು ತಮ್ಮ ಭಾಷೆಗಾಗಿ ಬೀದಿಗಿಳಿದರು, ಹಿಂದಿಯವರು ವಾದಿಸಿದರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎರಡೂ ಕಡೆಯ ಕಾರ್ಟೂನು ಹಂಚಿಕೊಂಡು ನಕ್ಕೆವು. ನಮ್ಮ ಮಕ್ಕಳು ಯಾವ ಶಾಲೆಯಲ್ಲಿ ಎಷ್ಟಿದ್ದಾರೆ ಎಂದು ಒಬ್ಬರೂ ಎಣಿಸಲಿಲ್ಲ. ನಾನೂ ಎಣಿಸಲಿಲ್ಲ.

ಈಗ ಎಣಿಸಿದೆ. ಸಾಸ್ವಡದಿಂದ ನೀರಾದವರೆಗೆ, ಎಂಟರಿಂದ ಹತ್ತನೆಯ ತರಗತಿಯೊಳಗೆ, ಮನೆಯಲ್ಲಿ ಕನ್ನಡ ಆಡುವ ಮಕ್ಕಳು ನನಗೆ ಸಿಕ್ಕಿದ್ದು ಹನ್ನೊಂದು. ನಾಲ್ಕು ಬೇರೆ ಬೇರೆ ಶಾಲೆಗಳಲ್ಲಿ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿಯವರು ಸುಮಾರು 10 ಲಕ್ಷ. ಹತ್ತು ಲಕ್ಷದಲ್ಲಿ ಹನ್ನೊಂದು ಹೇಗೆ ಮಾಯವಾಗುತ್ತವೆ ನೋಡಿ. ಮಂದಿ ಇದ್ದಾರೆ, ಒಂದೇ ಕೋಣೆಯಲ್ಲಿಲ್ಲ.

ಕಾನೂನಿನತ್ತ ಕೈಚಾಚಿದರೂ ಅದು ಮೊಣಕಾಲಿಗೇ ನಿಲ್ಲುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸುವ ಅನುಕೂಲ ಮಾಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ, 1956ರಲ್ಲಿ ಸೇರಿದ್ದು. ಆದರೆ ಪ್ರಾಥಮಿಕ ಹಂತದಲ್ಲಿ ಎಂದು ಹೇಳುತ್ತದೆ. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಒಪ್ಪಿದ ಸೂತ್ರವೂ, ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ತಾಯ್ನುಡಿಯ ಶಿಕ್ಷಕ ಎಂಬುದು, ಪ್ರಾಥಮಿಕಕ್ಕೇ ಹುಟ್ಟಿದ್ದು. ಕಾಯಿದೆಯೂ ನನ್ನ ಭಾನುವಾರದ ತರಗತಿಯ ಹಾಗೆ ಮಗು ಹತ್ತು ವರ್ಷ ದಾಟುವವರೆಗೆ ಕೈಹಿಡಿಯುತ್ತದೆ.

ನಮ್ಮವರೇ ಎತ್ತುವ ಪ್ರಶ್ನೆಗಳು ಎರಡು. ಮೊದಲನೆಯದು, ಮರಾಠಿ ನಾಡಿನಲ್ಲಿದ್ದು ಇದೆಲ್ಲ ಬೇಕೇ, ಜಗಳಕ್ಕೆ ದಾರಿಯಲ್ಲವೇ? 2020ರ ಕಾಯಿದೆಯಂತೆ ಇಲ್ಲಿ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ, ಕರ್ನಾಟಕದಲ್ಲಿ 2015ರ ಕಾಯಿದೆಯಂತೆ ಕನ್ನಡ ಇರುವ ಹಾಗೆ. ಇರಲೇಬೇಕು. ಈ ಊರಿನ ಉಪ್ಪು ತಿಂದಿದ್ದೇನೆ, ನನ್ನ ಮಗಳ ಮರಾಠಿ ನನ್ನ ಕನ್ನಡಕ್ಕಿಂತ ಚೆಂದ, ಅದರ ಬಗ್ಗೆ ನನಗೆ ಹೆಮ್ಮೆಯೇ. ನಾನು ಕೇಳುತ್ತಿರುವ ಜಾಗ ಮರಾಠಿಯದಲ್ಲ. ನಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಅಂಕ ಬರುತ್ತದೆಂಬ ಒಂದೇ ಕಾರಣಕ್ಕೆ ಸಂಸ್ಕೃತ ತೆಗೆದುಕೊಂಡು, ಬಾಯಿಪಾಠ ಮಾಡಿ, ತೊಂಬತ್ತೈದು ತೆಗೆದು, ಜೂನ್‌ನಲ್ಲಿ ಮರೆಯುತ್ತಾರಲ್ಲ, ಆ ಜಾಗ. ಸಂಸ್ಕೃತವನ್ನು ಪ್ರೀತಿಯಿಂದ ಓದುವವರು ನನ್ನ ಮೇಲೆ ಸಿಟ್ಟಾಗಬೇಡಿ, ನಿಮ್ಮ ವಿಷಯ ಹೇಳುತ್ತಿಲ್ಲ.

ಎರಡನೆಯದು, ಉಪಯೋಗವೇನು? ಹೊಲದ ಕಾಗದವಂತೂ ನೋಡಿದಿರಿ. ಇಲ್ಲಿರುವ ನಮ್ಮಲ್ಲಿ ಎಷ್ಟು ಜನರಿಗೆ ಊರಿನಲ್ಲಿ ತುಂಡು ಹೊಲ, ಪಾಲಿನ ಮನೆ ಇಲ್ಲ? ಅದರ ಉತಾರ, ಖಾತೆ, ಕೋರ್ಟಿನ ಸಮನ್ಸು ಮುಂದೆ ಬರುವುದು ಈ ಮಕ್ಕಳ ಕೈಗೇ. ಇನ್ನೊಂದು, ಅಷ್ಟಾಗಿ ಗೊತ್ತಿರದದ್ದು. ಸ್ಟೇಟ್ ಬ್ಯಾಂಕಿನ ಗುಮಾಸ್ತೆ ಹುದ್ದೆಗೆ ಅರ್ಜಿ ಹಾಕಿದ ರಾಜ್ಯದ ಭಾಷೆ ಬರಲೇಬೇಕು, ಅದಕ್ಕೆ ಪರೀಕ್ಷೆ ಇದೆ. ಹತ್ತರ ಅಥವಾ ಹನ್ನೆರಡರ ಅಂಕಪಟ್ಟಿಯಲ್ಲಿ ಆ ಭಾಷೆ ಓದಿದ ದಾಖಲೆಯಿದ್ದರೆ ಆ ಪರೀಕ್ಷೆಯಿಂದ ವಿನಾಯಿತಿ. ಭಾನುವಾರದ ಬಣ್ಣದ ಪ್ರಮಾಣಪತ್ರವನ್ನು ಅಲ್ಲಿ ಯಾರೂ ನೋಡುವುದಿಲ್ಲ. ಅಂಕಪಟ್ಟಿಯಲ್ಲಿ ಒಂದು ಸಾಲು ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಸಾಲು ಇದ್ದರೆ ಮಗು ಓದುತ್ತದೆ, ಅಪ್ಪ ಅಮ್ಮ ಓದಿಸುತ್ತಾರೆ. ಸಾಲು ಇಲ್ಲದ್ದು ನಮ್ಮ ಮನೆಗಳಲ್ಲಿ ಹವ್ಯಾಸ, ತಬಲಾ ಕ್ಲಾಸಿನ ಹಾಗೆ.

ಆದರೆ ಬರೀ ನೋಟಿಸು, ನೌಕರಿ ಎಂದರೆ ಮಗಳು ಒಪ್ಪುವುದಿಲ್ಲ. ಅವಳಿಗೆ ಕನ್ನಡ ರುಚಿಸಿದ್ದು ಬೇರೆ ಕಾರಣಕ್ಕೆ. ಹೈಸ್ಕೂಲು ಕನ್ನಡ ಅಂದರೆ ಹೇಗಿರಬಹುದೆಂದು ನನಗೆ ತೋರಿಸಿಕೊಟ್ಟದ್ದೂ ಅದೇ.

ಜೇಜುರಿಯಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಕೂಗು, ಯೇಳಕೋಟ ಯೇಳಕೋಟ ಜಯ ಮಲ್ಹಾರ. ಅವಳ ತರಗತಿಯಲ್ಲಿ ಮರಾಠಿ ಶಿಕ್ಷಕಿ ಇದರ ಅರ್ಥ ಕೇಳಿದರಂತೆ. ಒಬ್ಬ ಕೋಟೆ ಅಂದ, ಒಬ್ಬಳು ವೇಳೆ ಅಂದಳು. ನನ್ನ ಮಗಳು ಎದ್ದು, "ಬಾಯಿ, ನಮ್ಮ ಮನೆಯಲ್ಲಿ ಏಳು ಅಂದರೆ ಸಾತ್" ಅಂದಳಂತೆ. ಏಳು ಕೋಟಿ. ವಿದ್ವಾಂಸರೂ ಹೆಚ್ಚಾಗಿ ಹೀಗೇ ಬಿಡಿಸುತ್ತಾರೆ. ಶಿಕ್ಷಕಿ ಅವಳಿಂದ ಫಳಿಯ ಮೇಲೆ ಕನ್ನಡದಲ್ಲಿ ಬರೆಸಿದರಂತೆ. ಅಂದು ಮನೆಗೆ ಬಂದವಳ ನಡಿಗೆಯೇ ಬೇರೆ. ಊರಿಡೀ ಕೂಗುವ ಮಾತಿನ ಬೀಗದ ಕೈ ತನ್ನ ಅಡುಗೆಮನೆಯಲ್ಲಿತ್ತಲ್ಲ!

ನಮ್ಮ ಹೂವಿನಹಡಗಲಿಯ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಒಂದು ಸಾಲು, ಒಗಟಿನಂಥದ್ದು. ಅದರ ಅರ್ಥವನ್ನು ರೈತ ಮಳೆಗೆ ಹಚ್ಚುತ್ತಾನೆ, ರಾಜಕಾರಣಿ ಕುರ್ಚಿಗೆ ಹಚ್ಚುತ್ತಾನೆ. ಇಲ್ಲಿ ವಾಘ್ಯಾ ಮುರಳಿಯರು ರಾತ್ರಿಯಿಡೀ ಜಾಗರಣದಲ್ಲಿ ಹಾಡುತ್ತಾರೆ. ಅಲ್ಲಿ ಮೈಲಾರಲಿಂಗ, ದೇವರಗುಡ್ಡ, ಮಂಗಸೂಳಿ, ಬೀದರ್ ಕಡೆಯ ಮೈಲಾರ ಮಲ್ಲಣ್ಣ. ಇಲ್ಲಿ ಖಂಡೋಬಾ, ಮಲ್ಹಾರಿ. ಮ್ಹಾಳಸಾ ಲಿಂಗಾಯತ ವಾಣಿಗಳ ಮಗಳು, ಬಾಣಾಯಿ ಕುರುಬರ ಮಗಳು ಎಂದು ಇಲ್ಲಿನ ಹಾಡುಗಳೇ ಹೇಳುತ್ತವೆ. ಮರಾಠಿಯಲ್ಲಿ ರಾ.ಚಿಂ. ಢೇರೆಯವರು ಖಂಡೋಬನ ಮೇಲೆ ದೊಡ್ಡ ಕೆಲಸ ಮಾಡಿದರು. ಜರ್ಮನಿಯ ಗುಂಥರ್ ಸೊಂಥೈಮರ್ ಧನಗರರ, ಕುರುಬರ ದೇವರುಗಳ ಹಿಂದೆ ಊರೂರು ಅಲೆದರು. ನಮ್ಮ ಶಂಬಾ ಜೋಶಿಯವರು ಕಣ್ಮರೆಯಾದ ಕನ್ನಡದಲ್ಲಿ ಈ ನೆಲದ ಊರ ಹೆಸರುಗಳನ್ನು ಬಿಡಿಸಿ ನೋಡಿದರು. ಇದೆಲ್ಲ ಕಾಗುಣಿತದವರಿಗೆ ಎಟಕುವುದಿಲ್ಲ. ಹದಿನಾಲ್ಕು ಹದಿನೈದು ವರ್ಷದ, ಎರಡೂ ಭಾಷೆ ಆಡುವ ಹುಡುಗ ಹುಡುಗಿಯರಿಗೆ ಎಟಕುತ್ತದೆ, ಯಾರಾದರೂ ಕೈಹಿಡಿದು ಓದಿಸಿದರೆ. ಕಾರ್ಣಿಕದ ಒಂದು ಸಾಲನ್ನು ಮರಾಠಿಗೆ ತಿರುಗಿಸು ಎಂದು ಹತ್ತನೆಯ ತರಗತಿಗೆ ಕೊಟ್ಟು ನೋಡಿ, ಒಂದು ಗಂಟೆ ಜಗಳವಾಡುತ್ತಾರೆ. ಅಂಥ ಜಗಳ ನಡೆಯುವ ತರಗತಿ ನನಗೆ ಬೇಕಾಗಿದೆ.

ಸದ್ಯಕ್ಕೆ ನಡೆದಿರುವುದು ಹೀಗೆ. ಹನ್ನೊಂದರಲ್ಲಿ ಐದು ಮಕ್ಕಳು ಶನಿವಾರ ಸಂಜೆ ನಮ್ಮ ಮನೆಗೆ ಬರುತ್ತಿದ್ದಾರೆ. ಇಬ್ಬರು ಸಾಸ್ವಡದಿಂದ ಎಸ್‌ಟಿ ಬಸ್ಸಿನಲ್ಲಿ. ಕುಮಾರಭಾರತಿ ಅಚ್ಚು ಹಾಕಿಸಿಕೊಂಡಿದ್ದೇವೆ. ಮೊದಲ ಶನಿವಾರ ಪುಸ್ತಕ ತೆಗೆಯಲಿಲ್ಲ, ಅಜ್ಜನ ನೋಟಿಸಿನ ಪ್ರತಿಯಲ್ಲಿ ಹೆಸರು, ಸರ್ವೆ ನಂಬರು ಅಳಿಸಿ ಅದನ್ನೇ ಓದಿದೆವು. ಪೌತಿ ಎಂದರೇನೆಂದು ಹೇಳಿದ ಮೇಲೆ ಒಬ್ಬ ಹುಡುಗ, "ಕಾಕಾ, ನಮ್ಮಜ್ಜ ಸತ್ತಮ್ಯಾಲೆ ನಮ್ಮಪ್ಪ ಇದಕ್ಕ ಊರಿಗೆ ಹೋಗಿದ್ನೇನು?" ಅಂದ. ಹೌದು, ಇದಕ್ಕೇ.

ಅಜ್ಜನದು ಗುರುವಾರವೇ ತಕರಾರು ಅರ್ಜಿ ಬಿತ್ತಂತೆ. ಫೋನ್ ಮಾಡಿದ್ದ. ಅಣ್ಣನ ಮಕ್ಕಳು ಈಗ ಮಾತಿಗೆ ಕೂತಿದ್ದಾರಂತೆ, ಮುಂದೇನೋ ನೋಡಬೇಕು.

ನಾನು ಶಿಕ್ಷಕನಲ್ಲ, ಲೇಥ್ ಯಂತ್ರದವನು. ವ್ಯಾಕರಣದ ಪಾಠ ಬಂದಾಗ ಸಮಾಸದಲ್ಲಿ ನಾನೇ ಮುಗ್ಗರಿಸುತ್ತೇನೆ, ಮಕ್ಕಳಿಗೆ ಅದು ಗೊತ್ತಾಗಿದೆ. ಜೂನ್‌ನಲ್ಲಿ ಹೊಸ ವರ್ಷ ಶುರುವಾಗುವ ಮುಂಚೆ ಮುಖ್ಯೋಪಾಧ್ಯಾಯಿನಿಯ ಮುಂದೆ ಮತ್ತೆ ನಿಲ್ಲಬೇಕು. ಆದ್ದರಿಂದ ಓದುಗರಲ್ಲಿ ಎರಡು ಬೇಡಿಕೆ. ಪುಣೆ ಜಿಲ್ಲೆಯಲ್ಲಿರುವವರು ನಿಮ್ಮ ಮಗುವಿನ ಶಾಲೆ, ತರಗತಿ, ಈಗ ಓದುತ್ತಿರುವ ಮೂರನೆಯ ಭಾಷೆ ಇಷ್ಟನ್ನು ಸಂಪಾದಕರಿಗೆ ಬರೆದು ಕಳಿಸಿ, ಒಂದೇ ಶಾಲೆಯಲ್ಲಿ ಇಪ್ಪತ್ತು ಎಲ್ಲಿ ಕೂಡುತ್ತವೋ ನೋಡೋಣ. ಮತ್ತೆ ಸಾಸ್ವಡ, ಜೇಜುರಿ, ನೀರಾ ಕಡೆ ನಿವೃತ್ತ ಕನ್ನಡ ಶಿಕ್ಷಕರು ಯಾರಾದರೂ ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಹೊತ್ತು ಹೋಗದೆ ಕೂತಿದ್ದರೆ ತಿಳಿಸಿ. ಬಸ್ ಚಾರ್ಜು ನನ್ನದು, ಚಹಾ ಮಿರ್ಚಿ ನನ್ನ ಮನೆಯವಳದ್ದು. ಸೋಮವತಿ ಅಮಾವಾಸ್ಯೆಯ ದಿನ ಮಾತ್ರ ತರಗತಿಗೆ ರಜೆ, ಬಂದರೂ ಮನೆವರೆಗೆ ತಲುಪಲಾರಿರಿ.